ಯಾವ ಮದ್ದು?

ಕುಂದಾಪುರದ ಕಡೆಯ ನಮ್ಮೂರಲ್ಲಿ ನುಂಗುವ ಗುಳಿಗೆಯೂ ಮದ್ದೇ, ಬೆಳೆಗೆ ಹೊಡೆಯುವ ವಿಷವೂ ಮದ್ದೇ. ಹಿಂದಿನ ಮಳೆಗಾಲದಲ್ಲಿ ಅಪ್ಪಯ್ಯ ಫೋನ್ ಮಾಡಿ "ಮದ್ದಿಗೆ ಒಂದಿಷ್ಟ್ ದುಡ್ಡ್ ಕಳ್ಸ್" ಎಂದಾಗ ಯಾವ ಮದ್ದೆಂದು ನಾವು ಕೇಳಲಿಲ್ಲ. ಡಿ.ಫಾರ್ಮಾ ಓದಿ, ಇಲ್ಲಿನ ಆಸ್ಪತ್ರೆಯಲ್ಲಿ ಪ್ರತಿ ಚೀಟಿಯನ್ನು ಎರಡು ಸಲ ಓದಿ ಮದ್ದು ಕೊಡುವ ನಾವೇ ಕೇಳಲಿಲ್ಲ. ಬಿ.ಪಿ. ಗುಳಿಗೆಗೆ ಇರಬೇಕೆಂದು ಕಳಿಸಿಬಿಟ್ಟೆವು.

ಹದಿನೈದು ದಿನ ಕಳೆದು ಅಮ್ಮನ ವಿಡಿಯೋ ಕರೆ. ಅಪ್ಪಯ್ಯ ಜಗಲಿಯಲ್ಲಿ ಬೆವತು ತೊಪ್ಪೆಯಾಗಿ ಕುಳಿತಿದ್ದರು. ವಾಂತಿ, ಬಾಯಲ್ಲಿ ಜೊಲ್ಲು, ಕಣ್ಣು ಮಂಜು. ಹೀರೆ ಚಪ್ಪರಕ್ಕೆ ಮದ್ದು ಹೊಡೆದು ಬಂದಿದ್ದರಂತೆ. ಬಾಟ್ಲಿ ತೋರಿಸಿ ಎಂದೆವು. ಕೆಂಪು ತ್ರಿಕೋನ, ಮೊನೊಕ್ರೊಟೊಫಾಸ್. ತರಕಾರಿಗೆ ಬಳಸಬಾರದೆಂದು ನಮ್ಮ ದೇಶದಲ್ಲಿ ನಿಷೇಧವಿರುವ ವಿಷ. ಅದಕ್ಕೆ ಕೊಡುವ ಅಟ್ರೋಪಿನ್ ನಮ್ಮ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು. ಅಪ್ಪಯ್ಯ ಕಡಲಿನಾಚೆ ಇದ್ದರು. ಬಟ್ಟೆ ಬದಲಿಸಿ, ಸೋಪು ಹಾಕಿ ಮೈ ತೊಳೆದು, ಬಾಟ್ಲಿಯನ್ನೂ ಹಿಡಿದುಕೊಂಡು ಕೂಡಲೇ ಆಸ್ಪತ್ರೆಗೆ ಹೋಗಿ ಎಂದು ಕೂಗಿದೆವು. ಪಕ್ಕದ ಮನೆಯ ರಿಕ್ಷಾ ಇತ್ತು, ಪುಣ್ಯ. ನಾಲ್ಕು ದಿನಕ್ಕೆ ಮನೆಗೆ ಬಂದರು.

ರಜೆ ಹಾಕಿ ಊರಿಗೆ ಹೋದಾಗ ನಾವು ಮೊದಲು ನೋಡಿದ್ದು ಚಪ್ಪರವನ್ನು. ಎಳೆ ಹೀರೆಕಾಯಿಗಳು ಸೊಟ್ಟಗಾಗಿ, ಚುಚ್ಚಿದ ಜಾಗದಲ್ಲಿ ಅಂಟು ಒಸರಿ ಕೊಳೆಯುತ್ತಿದ್ದವು. ಇದು ಹಣ್ಣುನೊಣದ ಕೆಲಸ. ಹೆಣ್ಣು ನೊಣ ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಹುಳ ಒಳಗೇ ತಿಂದು ಬೆಳೆದು, ಮಣ್ಣಿಗಿಳಿದು ಕೋಶವಾಗಿ, ಮತ್ತೆ ನೊಣವಾಗಿ ಏಳುತ್ತದೆ. ಹುಳ ಕಾಯಿಯೊಳಗೆ, ಕೋಶ ಮಣ್ಣಿನೊಳಗೆ. ಮೇಲೆ ಹೊಡೆದ ವಿಷ ತಾಗಿದ್ದು ಹೆಚ್ಚಾಗಿ ಅಪ್ಪಯ್ಯನಿಗೆ.

ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ಬಂದೆವು. ಚುಚ್ಚಿದ ಕಾಯಿ, ಉದುರಿದ ಕಾಯಿ ಎಲ್ಲ ದಿನವೂ ಹೆಕ್ಕಬೇಕು. ಗೊಬ್ಬರದ ಗುಂಡಿಗೆ ಎಸೆದರೆ ನೊಣ ಸಾಕಿದಂತೆ, ಆಳವಾಗಿ ಹೂಳಬೇಕು. ಬಳ್ಳಿಯ ಬುಡದ ಮಣ್ಣು ಕೆದಕಿದರೆ ಕೋಶಗಳನ್ನು ಕೋಳಿಗಳೇ ಹೆಕ್ಕುತ್ತವೆ. ಎಳೆ ಕಾಯಿಗೆ ಚೀಲ ಕಟ್ಟಬೇಕು. ಜೊತೆಗೆ ಕ್ಯೂಲ್ಯೂರ್ ಇಟ್ಟ ಮೋಹಕ ಬಲೆ. ಮಾವಿನ ನೊಣಕ್ಕೆ ಇಡುವ ಮಿಥೈಲ್ ಯೂಜಿನಾಲ್ ಈ ನೊಣವನ್ನು ಸೆಳೆಯುವುದಿಲ್ಲ. ರೋಗ ಬೇರೆ, ಮದ್ದು ಬೇರೆ. ಈ ಮಾತು ನಮಗೆ ಚೆನ್ನಾಗಿ ಅರ್ಥವಾಯಿತು. ಬಲೆಗೆ ಬೀಳುವುದು ಗಂಡು ನೊಣ ಮಾತ್ರ, ಹೆಣ್ಣು ಪಕ್ಕದ ಹಿತ್ತಲಿಂದಲೂ ಹಾರಿ ಬರುತ್ತದೆ. ಹಾಗಾಗಿ ಅಕ್ಕಪಕ್ಕದ ಮೂರು ಮನೆಗೂ ನಾವೇ ಬಲೆ ಕೊಂಡುಕೊಟ್ಟೆವು.

ಈಗಲೂ ಒಂದಿಷ್ಟು ಕಾಯಿ ನೊಣದ ಪಾಲಾಗುತ್ತದೆ. ಆದರೆ ಸಂತೆಗೆ ಹೋಗುವಷ್ಟು ಉಳಿಯುತ್ತದೆ, ಮೊಮ್ಮಕ್ಕಳು ತಿನ್ನುವ ಪಲ್ಯಕ್ಕೆ ಹೆದರಬೇಕಿಲ್ಲ.

ತಿಂಗಳು ತಿಂಗಳು ಊರಿಗೆ ದುಡ್ಡು ಕಳಿಸುವ ನಾವೆಲ್ಲ ಒಮ್ಮೆ ಆ ಬಾಟ್ಲಿಯ ಫೋಟೋ ತರಿಸಿ ನೋಡೋಣ. ಮೊನ್ನೆ ಅಪ್ಪಯ್ಯ ಮತ್ತೆ ಮದ್ದಿಗೆ ದುಡ್ಡು ಕೇಳಿದರು. "ಯಾವ ಮದ್ದು?" ಎಂದೆವು. ಆಚೆಯಿಂದ ನಗು ಕೇಳಿಸಿತು: "ಗುಳಿಗಿಗೆ ಮಾರಾಯ!"