ನೂರು ಲೀರಾ

1998ರ ನವೆಂಬರಿನಲ್ಲಿ ಮಗಳ ಬಾಣಂತನಕ್ಕೆಂದು ಅಮೆರಿಕದ ನ್ಯೂಜೆರ್ಸಿಗೆ ಹೋದೆ. ಹೋಗುವಾಗ ನನ್ನ ಪೆಟ್ಟಿಗೆಯಲ್ಲಿದ್ದದ್ದು ಅಂಟಿನುಂಡೆ, ಬಜೆ, ಮೆಂತ್ಯದ ಹಿಟ್ಟು, ಹಳೆಯ ಸೀರೆ ಹರಿದು ಮಡಿಸಿದ ಮೆತ್ತನೆಯ ಬಟ್ಟೆಗಳು. ಬರುವಾಗ ತಂದದ್ದು ಒಂದು ಹಾಡು. ಅದೂ ನನಗೆ ಬಾರದ ಇಟಲಿಯ ಭಾಷೆಯದು ಎಂದರೆ ನೀವು ನಗುತ್ತೀರೇನೋ.

ಮಗಳ ಪಕ್ಕದ ಮನೆಯಲ್ಲಿ ಎಂಬತ್ತು ವರ್ಷದ ಅಜ್ಜಿಯೊಬ್ಬರಿದ್ದರು. ಮಗುವಿನ ಅಳು ಕೇಳಿದ ಮೂರನೆಯ ದಿನವೇ ಬಟ್ಟಲು ಹಿಡಿದು ಬಾಗಿಲು ತಟ್ಟಿದರು. ಕೋಳಿ ಹಾಕಿಲ್ಲ, ಬರೀ ಕಾಳು ಮತ್ತು ಪಾಸ್ತಾ, ಬಾಣಂತಿಗೆ ಒಳ್ಳೆಯದು ಎಂದರು. ನಾನು ಬಟ್ಟಲು ತೊಳೆದು ಅದರಲ್ಲಿ ಎರಡು ಅಂಟಿನುಂಡೆ ಇಟ್ಟು ಕೊಟ್ಟೆ. ಖಾಲಿ ಪಾತ್ರೆ ಹಿಂದಿರುಗಿಸಬಾರದೆನ್ನುವುದು ಅವರಲ್ಲೂ ಇತ್ತಂತೆ. ನನ್ನ ಹೈಸ್ಕೂಲಿನ ಇಂಗ್ಲಿಷು, ಅವರ ಕೈಸನ್ನೆ, ಇಷ್ಟರಲ್ಲೇ ಸ್ನೇಹ ಕುದುರಿತು.

ಒಂದು ಬೆಳಿಗ್ಗೆ ಮಗುವಿಗೆ ಎಣ್ಣೆ ಒತ್ತಿ, ನೀರು ಹಾಕಿ, ಕಾಲ ಮೇಲೆ ಮಲಗಿಸಿಕೊಂಡು ಜೋಗುಳ ಹೇಳುತ್ತಿದ್ದೆ. ಅಜ್ಜಿ ಕುರ್ಚಿಯಲ್ಲಿ ಕೂತು ಕೇಳಿದರು. ನಾನು ನಿಲ್ಲಿಸಿದ ಮೇಲೆ ತಾವೂ ಒಂದು ಹಾಡು ಹೇಳಿದರು. ಜೋಗುಳದ ಹಾಗಿರಲಿಲ್ಲ. ಕಾಲಲ್ಲಿ ತಾಳ ಹಾಕುವಂಥ ಚುರುಕಿನ ಮಟ್ಟು. ಮಕ್ಕಳನ್ನು ಕುಣಿಸುವ ಹಾಡಿರಬೇಕೆಂದುಕೊಂಡು ನಾನೂ ಚಪ್ಪಾಳೆ ತಟ್ಟಿದೆ. ಅಜ್ಜಿ ನನ್ನ ಕೈ ಹಿಡಿದು ನಿಲ್ಲಿಸಿದರು. ನಲವತ್ತು ವರ್ಷದವರೆಗೆ ತಾವೂ ಹೀಗೇ ಚಪ್ಪಾಳೆ ತಟ್ಟುತ್ತಿದ್ದೆ ಎಂದರು.

ಅವರ ತಾಯಿ ಉತ್ತರ ಇಟಲಿಯ ಪಿಯೆಮೊಂತೆ ಸೀಮೆಯ ಬಿಯೆಲ್ಲಾ ಊರಿನ ಕಡೆಯವರು. ನೇಯ್ಗೆಯ ನಾಡು. ಅಲ್ಲಿಂದ 1912ರಲ್ಲಿ ಹಡಗು ಹತ್ತಿ ನ್ಯೂಜೆರ್ಸಿಯ ಪ್ಯಾಟರ್ಸನ್ನಿಗೆ ಬಂದರಂತೆ. ಆ ಕಾಲಕ್ಕೆ ಅದು ಅಮೆರಿಕದ ರೇಷ್ಮೆ ಪಟ್ಟಣ. ಬಂದ ಮರುವರ್ಷವೇ ಸುಮಾರು ಇಪ್ಪತ್ತೈದು ಸಾವಿರ ರೇಷ್ಮೆ ಕೆಲಸಗಾರರು ಮುಷ್ಕರ ಹೂಡಿ ತಿಂಗಳುಗಟ್ಟಲೆ ಮಗ್ಗ ನಿಲ್ಲಿಸಿದರು. ಆ ತಾಯಿಯೂ ಅವರಲ್ಲಿ ಒಬ್ಬರು. ನಾನು ಶಿಡ್ಲಘಟ್ಟದವಳು, ರೇಷ್ಮೆಗೂಡು ಬೇಯುವ ವಾಸನೆಯಲ್ಲೇ ಬೆಳೆದವಳು ಎಂದಾಗ ಅಜ್ಜಿ ನನ್ನನ್ನು ತಬ್ಬಿಕೊಂಡುಬಿಟ್ಟರು.

1880ರಿಂದ 1924ರವರೆಗೆ ನಲವತ್ತು ಲಕ್ಷಕ್ಕೂ ಹೆಚ್ಚು ಇಟಲಿಯವರು ಅಮೆರಿಕಕ್ಕೆ ಬಂದರು. ಹೆಚ್ಚಿನವರು ದಕ್ಷಿಣದ ಬಡ ಹಳ್ಳಿಗಳವರು. ಇಟಲಿ ಒಂದು ರಾಜ್ಯವಾದದ್ದೇ 1861ರಲ್ಲಿ. ಹಾಗಾಗಿ ಬಂದವರಿಗೆ ಅವರವರ ಸೀಮೆಯ ನುಡಿ ಬಿಟ್ಟರೆ ಬೇರೆ ಬಾರದು. ಅಜ್ಜಿಯ ಗಂಡನ ಮನೆಯವರು ನೇಪಲ್ಸಿನವರು. ಮದುವೆಯಾದ ಹೊಸತರಲ್ಲಿ ಅತ್ತೆಯ ಮಾತು ಸೊಸೆಗೆ ತಿಳಿಯದು, ಸೊಸೆಯ ಮಾತು ಅತ್ತೆಗೆ ತಿಳಿಯದು. 'ಅದಕ್ಕೇ ಜಗಳವಾಗಲಿಲ್ಲ' ಎಂದು ನಕ್ಕರು.

ಆದರೆ ಹಾಡು ಮಾತ್ರ ಇಬ್ಬರಿಗೂ ತಿಳಿಯುತ್ತಿತ್ತು. ಅಜ್ಜಿಯ ಮನೆಯಲ್ಲಿ ಹಳೆಯ ಗ್ರಾಮಫೋನ್ ತಟ್ಟೆಗಳ ರಾಶಿಯೇ ಇತ್ತು. ನೇಪಲ್ಸಿನ ಬಂದರನ್ನು ಬಿಟ್ಟು ಹೊರಟವರ 'ಸಾಂತಾ ಲೂಚಿಯಾ ಲುಂತಾನಾ', 1919ರದು. ಅದನ್ನು ಕಟ್ಟಿದ ಇ. ಎ. ಮಾರಿಯೊ ಅಂಚೆ ಇಲಾಖೆಯ ನೌಕರ. ಹೊರದೇಶದ ಕಾಗದಗಳೆಲ್ಲ ಅಂಥವರ ಕಣ್ಣಮುಂದೆಯೇ ಹಾದುಹೋಗಿರಬೇಕಲ್ಲವೆ? 1925ರ 'ಲಾಕ್ರಿಮೆ ನಾಪುಲಿತಾನೆ' ಹಾಡಂತೂ ಒಂದು ಕಾಗದವೇ. ಕ್ರಿಸ್‌ಮಸ್ ಹತ್ತಿರವಾಗಿದೆ, ಮಗ ಅಮೆರಿಕದಿಂದ ತಾಯಿಗೆ ಬರೆಯುತ್ತಾನೆ. ಹಬ್ಬದ ಹಿಂದಿನ ರಾತ್ರಿ ಊಟಕ್ಕೆ ಕೂರುವಾಗ ತಾನೂ ಅಲ್ಲೇ ಇದ್ದೇನೆಂದುಕೊಂಡು ತನಗೊಂದು ತಟ್ಟೆ ಇಡಲು ಕೇಳಿಕೊಳ್ಳುತ್ತಾನೆ. ಅತ್ತೆ ಇದನ್ನು ಹಾಕಿಸಿ, ಸೆರಗಿಲ್ಲದ್ದಕ್ಕೆ ಏಪ್ರನ್ನಿನ ಅಂಚಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರಂತೆ. ನಿಜವಾದ ಕಾಗದಗಳಲ್ಲಿ ಮಾತ್ರ ಯಾರೂ ಹೀಗೆ ಬರೆಯುತ್ತಿರಲಿಲ್ಲ. ಕ್ಷೇಮ, ದುಡ್ಡು ಕಳಿಸಿದ್ದೇನೆ, ಚಳಿ ಹೆಚ್ಚು, ಇಷ್ಟೇ. ಅಳುವುದನ್ನೆಲ್ಲ ಹಾಡಿಗೆ ವಹಿಸಿಬಿಟ್ಟಿದ್ದರು. ಊರಿನಲ್ಲಿ ಉಳಿದ ಹೆಂಡತಿಯರಿಗೂ ಒಂದು ಹೆಸರಿತ್ತು, 'ಬಿಳಿ ವಿಧವೆಯರು'. ಗಂಡ ಬದುಕಿದ್ದಾನೆ, ಆದರೆ ಮನೆಯಲ್ಲಿಲ್ಲ.

ಅಜ್ಜಿಯ ತಾಯಿ ಮಾತ್ರ ಈ ತಟ್ಟೆಗಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲವಂತೆ. ಹಿಟ್ಟು ನಾದುತ್ತಾ, ಬಟ್ಟೆ ಇಸ್ತ್ರಿ ಮಾಡುತ್ತಾ ಅವರು ಹಾಡುತ್ತಿದ್ದದ್ದು ಆ ಒಂದೇ ಹಾಡು. ಮಕ್ಕಳಿಗೆ ಇಂಗ್ಲಿಷು ಬರಲಿ ಎಂದು ಮನೆಯಲ್ಲಿ ತಮ್ಮ ನುಡಿ ಆಡುವುದನ್ನೇ ಬಿಟ್ಟಿದ್ದರು. ಅರ್ಥ ಕೇಳಿದರೆ, ಹಳೇ ಕಾಲದ್ದು, ಹೋಗು ಓದಿಕೋ ಎನ್ನುತ್ತಿದ್ದರು. ತಾಯಿ ತೀರಿಕೊಂಡ ಮೇಲೆ ಇಟಲಿಯಿಂದ ನೆಂಟರೊಬ್ಬರು ಬಂದಾಗ ಅಜ್ಜಿ ಅವರೆದುರು ಅದನ್ನು ಹಾಡಿದರಂತೆ. ಅವರು ಅರ್ಥ ಬಿಡಿಸಿ ಹೇಳಿದರು.

ಹಾಡಿನ ಕಥೆ ಇಷ್ಟು. ಮಗಳು ತಾಯಿಯ ಹತ್ತಿರ ನೂರು ಲೀರಾ ಕೇಳುತ್ತಾಳೆ, ಅಮೆರಿಕಕ್ಕೆ ಹೋಗಬೇಕು. ತಾಯಿ ಹಣ ಕೊಡುತ್ತೇನೆ, ಅಮೆರಿಕ ಮಾತ್ರ ಬೇಡ ಎನ್ನುತ್ತಾಳೆ. ಕಿಟಕಿಯಲ್ಲಿ ನಿಂತ ಅಣ್ಣಂದಿರು, ಹೋಗಲಿ ಬಿಡು ಎನ್ನುತ್ತಾರೆ. ಹುಡುಗಿ ಹೊರಡುತ್ತಾಳೆ. ನಡುಕಡಲಿನಲ್ಲಿ ಹಡಗು ಮುಳುಗುತ್ತದೆ. ತಾಯಿಯ ಮಾತೇ ನಿಜವಾಯಿತು ಎಂದುಕೊಂಡು ಹುಡುಗಿ ನೀರಿಗಿಳಿಯುತ್ತಾಳೆ. ಕೊಸ್ತಾಂತಿನೊ ನಿಗ್ರಾ ಎಂಬ ವಿದ್ವಾಂಸ 1888ರಲ್ಲಿ ಪ್ರಕಟಿಸಿದ ಪಿಯೆಮೊಂತೆಯ ಜನಪದ ಗೀತೆಗಳಲ್ಲಿ 'ತಾಯಿಯ ಶಾಪ' ಎಂಬ ಹಳೆಯ ಕಥನಗೀತೆಯೊಂದಿದೆ. ಅದರಿಂದಲೇ ಈ ಹಾಡು ಬೆಳೆದದ್ದು ಎನ್ನುತ್ತಾರೆ. ಇಂಥ ಹಾಡನ್ನು ಇಷ್ಟು ಲವಲವಿಕೆಯ ಮಟ್ಟಿನಲ್ಲಿ ಯಾಕೆ ಕಟ್ಟಿದರೋ!

'ನಿಮ್ಮ ತಾಯಿಯ ಹಡಗು ಮುಳುಗಲಿಲ್ಲವಲ್ಲ, ಮತ್ತೆ ಇದನ್ನೇಕೆ ಹಾಡುತ್ತಿದ್ದರು?' ಎಂದೆ.

ಅಜ್ಜಿ ಮಗುವಿನ ಪಾದ ಸವರುತ್ತಾ ಕೂತರು. ಆಮೇಲೆ ನಿಧಾನವಾಗಿ ಹೇಳಿದರು. ತಾಯಿ ಹೊರಟಾಗ ಅವರ ತಾಯಿ ಬೇಡವೆಂದಿದ್ದರಂತೆ. ಎರಡು ವರ್ಷ ಕಾಗದಕ್ಕೆ ಉತ್ತರವಿಲ್ಲ. ಆಮೇಲೆ ಉತ್ತರ ಬಂತು, ಯುದ್ಧ ಬಂತು, ಮಕ್ಕಳಾದರು. ತಾಯಿ ಮಗಳು ಮತ್ತೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ನಾನು ಎದ್ದು ಅಡಿಗೆಮನೆಗೆ ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ. ಸುಮ್ಮನೆ ನಲ್ಲಿ ತಿರುಗಿಸಿ ನಿಂತೆ.

1994ರಲ್ಲಿ ನನ್ನ ಮಗಳು ಓದಿಗೆಂದು ಅಮೆರಿಕಕ್ಕೆ ಹೊರಟಾಗ ಟಿಕೆಟ್ಟಿಗೆ ಹಣ ಸಾಲದೆ ನನ್ನ ಎರಡು ಬಳೆ ಮಾರಿದೆ. ಹಣ ಅವಳ ಕೈಗಿಟ್ಟು, 'ದುಡ್ಡು ಕೊಟ್ಟಿದೀನಿ. ಆದರೆ ಹೋಗು ಅನ್ನೋ ಮಾತು ನನ್ನ ಬಾಯಲ್ಲಿ ಬರಲ್ಲ' ಎಂದೆ. ಗಂಡುಮಕ್ಕಳಿಬ್ಬರೂ 'ಹೋಗಲಿ ಬಿಡಮ್ಮ' ಎಂದರು. ಅವಳು ಹೊರಟ ಬೆಳಿಗ್ಗೆ ನಾನು ತಲೆನೋವೆಂದು ಮಲಗಿದೆ. ಬಸ್‌ಸ್ಟ್ಯಾಂಡಿಗೂ ಹೋಗಲಿಲ್ಲ. ಎರಡು ವರ್ಷದ ಮೇಲೆ ಮದುವೆಗೆ ಬಂದಳು, ಆ ಗಡಿಬಿಡಿಯಲ್ಲಿ ಮಾತಾಡಲಿಲ್ಲ. ಫೋನಿನಲ್ಲಿ ನಿಮಿಷಕ್ಕಿಷ್ಟು ಎಂದು ಲೆಕ್ಕ. ಊಟ ಆಯ್ತಾ, ಆರೋಗ್ಯವಾ, ಮಳೆ ಬಂತಾ. ನಾವೂ ಆ ಕಾಗದಗಳನ್ನೇ ಬರೆಯುತ್ತಿದ್ದೆವು. ಬಳೆ ಮಾರಿದ್ದನ್ನು ನಾನು ನಾಲ್ಕು ಜನರೆದುರು ಹೇಳಿಕೊಂಡಿದ್ದೇನೆ. ಮಲಗಿದ್ದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಅಂದು ರಾತ್ರಿ ಮಗಳ ತಲೆಗೆ ಎಣ್ಣೆ ಹಚ್ಚುತ್ತಾ ಅಜ್ಜಿಯ ಹಾಡಿನ ಕಥೆ ಹೇಳಿದೆ. ಅಣ್ಣಂದಿರ ಮಾತಿನವರೆಗೆ ಬಂದು ನನಗೆ ಮುಂದೆ ಹೇಳಲಾಗಲಿಲ್ಲ.

'ಅವತ್ತು ನನಗೆ ತಲೆನೋವಿರಲಿಲ್ಲ ಕಣೇ' ಎಂದೆ.

ಅವಳು ತಿರುಗಿ ನೋಡಲಿಲ್ಲ. 'ಗೊತ್ತಮ್ಮಾ' ಎಂದಳು. 'ಬಸ್ಸು ಹೊರಡೋವರೆಗೂ ಕಿಟಕಿಯಿಂದ ನಮ್ಮ ರಸ್ತೆ ಕಡೆಗೇ ನೋಡ್ತಿದ್ದೆ.'

ನಾನು ಎಣ್ಣೆ ಹಚ್ಚುತ್ತಲೇ ಇದ್ದೆ. ಅಂದು ಸ್ವಲ್ಪ ಹೆಚ್ಚೇ ಆಯಿತು.

ಈಗ ಅಜ್ಜಿ ಇಲ್ಲ. ಲೀರಾ ನಾಣ್ಯವೂ 2002ರಲ್ಲಿ ಚಲಾವಣೆಯಿಂದ ಹೋಗಿ ಯೂರೋ ಬಂತು. ಹಾಡಿನಲ್ಲಿ ಮಾತ್ರ ಆ ಹುಡುಗಿ ಇನ್ನೂ ನೂರು ಲೀರಾ ಕೇಳುತ್ತಲೇ ಇದ್ದಾಳೆ. ನನ್ನ ಮೊಮ್ಮಗಳಿಗೆ ಇಪ್ಪತ್ತೈದು ದಾಟಿದೆ. ಕನ್ನಡ ಅರ್ಥವಾಗುತ್ತದೆ, ಆಡಲು ಬಾರದು. ನನ್ನ ಜೋಗುಳದ ಮಟ್ಟು ಗೊತ್ತು, ಮಾತು ಗೊತ್ತಿಲ್ಲ. ಹೋದ ವರ್ಷ ಅವಳು ಕೆಲಸಕ್ಕೆಂದು ಲಂಡನ್ನಿಗೆ ಹೊರಟಳು. ಹಿಂದಿನ ರಾತ್ರಿ ಮಗಳು ನನಗೆ ಫೋನು ಮಾಡಿ ಬಹಳ ಹೊತ್ತು ಅದೂ ಇದೂ ಮಾತಾಡಿದಳು. ಕೊನೆಗೆ, 'ಅಮ್ಮಾ, ನನಗ್ಯಾಕೋ ಮೈಗೆ ಚೆನ್ನಾಗಿಲ್ಲ. ಬೆಳಿಗ್ಗೆ ಅವರಪ್ಪನೇ ಬಿಟ್ಟು ಬರಲಿ ಅಂತಿದೀನಿ' ಎಂದಳು.

'ಎದ್ದು ಸೀರೆ ಉಟ್ಕೋ. ಏರ್‌ಪೋರ್ಟಿಗೆ ಹೋಗು' ಎಂದೆ.