ಜಾವಾ ಶಬ್ದದ ವ್ಯುತ್ಪತ್ತಿ

ಬೈಲಹೊಂಗಲದಿಂದ ಸವದತ್ತಿ ತಾಲೂಕಿನ ಒಂದು ಹಳ್ಳಿಯ ಶಾಲೆಗೆ ದಿನಾಲು ಹೋಗಿ ಬರುವದಕ್ಕಾಗಿ ನಾನು 1988ರಲ್ಲಿ ಒಂದು ಹಳೆಯ ಜಾವಾ ಫಟಫಟಿಯನ್ನು ಕೊಂಡೆನು. ಗೇರು ಬದಲಿಸುವ ದಂಡವನ್ನೇ ಒಳಗೊತ್ತಿ ಮೇಲೆತ್ತಿದರೆ ಅದೇ ಕಿಕ್ ಆಗುವದನ್ನು ಕಂಡು ಓಣಿಯವರು ಬೆರಗಾದರು. ನಮ್ಮ ತಾಯಿಯವರು ಮಾತ್ರ, ಜವನೆಂದರೆ ಯಮನಲ್ಲವೇ ಎಂದು ಅಂಜಿದರು. ಹಳಗನ್ನಡದ ಮಟ್ಟಿಗೆ ಅವರ ಮಾತು ಸರಿಯೇ. ಆದರೆ ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿದ ನಾನು, ಜವವೆಂದರೆ ವೇಗ, ಜವಕ್ಕೆ ಸಂಬಂಧಿಸಿದ್ದು ಜಾವ, ಆದಿಯ ದೀರ್ಘವು ತದ್ಧಿತ ಪ್ರತ್ಯಯದ ಫಲವೆಂದು ಅವರನ್ನು ಸಮಾಧಾನಪಡಿಸಿದೆನು. ವರ್ಗದಲ್ಲಿಯೂ ಅದನ್ನೇ ಹೇಳಿದೆನು. ಒಬ್ಬ ಹುಡುಗನು ಎದ್ದು, "ಅದು ಪರದೇಶದವರ ಹೆಸರಂತ್ರಿ ಸರ, ನಮ್ಮ ಕಾಕಾ ಹೇಳ್ಯಾನ" ಎಂದನು. ಕಾಕನು ಫಟಫಟಿ ರಿಪೇರಿಯವನು. ಅವನಿಗೇನು ವ್ಯಾಕರಣ ಗೊತ್ತೆಂದು ಗದರಿಸಿ, ತಾಸು ಮುಗಿಯುವ ವರೆಗೆ ಹುಡುಗನನ್ನು ನಿಲ್ಲಿಸಿದೆನು.

ನಿವೃತ್ತನಾದ ಮೇಲೆ ಆ ಯಂತ್ರದ ಇತಿಹಾಸವನ್ನು ಓದಿದೆನು, ಕಾಕನೇ ಗೆದ್ದಿದ್ದನು. ಪ್ರಾಗ ಪಟ್ಟಣದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬವನು ಶಸ್ತ್ರಾಸ್ತ್ರಗಳ ಕಾರಖಾನೆಯನ್ನು ನಡಿಸುತ್ತಿದ್ದನು. ಯುದ್ಧವು ಮುಗಿದು ಆ ವ್ಯಾಪಾರವು ಇಳಿಯಲು, 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ 500 ಸಿ.ಸಿ.ಯ ಮೋಟಾರ ಸಾಯಕಲ್ಲಿನ ತಯಾರಿಕೆಯ ಹಕ್ಕನ್ನು ಕೊಂಡನು. ಎರಡೂ ಹೆಸರುಗಳ ಮೊದಲಕ್ಷರಗಳು ಕೂಡಿ ಜಾವಾ ಆಯಿತು. ಅಲ್ಲಿಯವರ ಉಚ್ಚಾರದಲ್ಲಿ ಅದು 'ಯಾವಾ'. ರೋಮನ್ ಲಿಪಿಯ ಒಂದಕ್ಷರದ ದೆಸೆಯಿಂದ ನಮ್ಮ ಬಾಯಲ್ಲಿ ಜಾವಾ. ಯಮನು ಜವನಾದದ್ದೂ ಹೆಚ್ಚುಕಡಿಮೆ ಹೀಗೆಯೇ ಅಲ್ಲವೇ! ಆ ಮೊದಲ ಗಾಡಿಯು ಭಾರವೂ ತುಟ್ಟಿಯೂ ಆಗಿದ್ದಿತು. ಪ್ಯಾಚೆಟ್ ಎಂಬ ಆಂಗ್ಲ ಯಂತ್ರಜ್ಞನ ನೆರವಿನಿಂದ, ವಿಲಿಯರ್ಸ್ ಎಂಜಿನ ಹಾಕಿ 1932ರಲ್ಲಿ ಹೊರಡಿಸಿದ 175 ಸಿ.ಸಿ.ಯ ಹಗುರ ಗಾಡಿಯೇ ಕಂಪನಿಯನ್ನು ಉಳಿಸಿತು.

ನಮ್ಮ ನಾಡಿಗೆ ಅದು ಬಂದದ್ದು ಇರಾಣಿ ಮನೆತನದವರಿಂದ. 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರಖಾನೆಯನ್ನು, ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ಉದ್ಘಾಟಿಸಿದರು. 1973ರಿಂದ ಹೆಸರು ಯೆಜ್ಡಿ ಎಂದಾಯಿತು. ಇದು ಇರಾನದ ಯಜ್ದ್ ಪಟ್ಟಣದ ಹೆಸರಿನದು. ಇದಕ್ಕೆ ವ್ಯುತ್ಪತ್ತಿ ಹೇಳುವ ಸಾಹಸವನ್ನು ದೈವವಶಾತ್ ನಾನು ಮಾಡಿರಲಿಲ್ಲ. 1996ರಲ್ಲಿ ಆ ಕಾರಖಾನೆಯು ಮುಚ್ಚಿತು.

ಕಳೆದ ಭಾರತ ಹುಣ್ಣಿವೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋದಾಗ ಆ ಹುಡುಗನೇ ಎದುರಾದನು. ತಲೆ ನರೆಯುತ್ತ ಬಂದಿದೆ. ತಪ್ಪು ನನ್ನದಾಗಿತ್ತೆಂದು, ನಿಲ್ಲಿಸಿದ್ದಕ್ಕಾಗಿ ಕ್ಷಮಿಸಬೇಕೆಂದು ಹೇಳಿದೆನು. ಅವನು ನಾಚಿ, ಕಾಲು ಮುಟ್ಟಿ, "ಅಂದಿನಿಂದ ಕಾಕಾನ ಮಾತೇ ಸುಳ್ಳಂತ ತಿಳಕೊಂಡೇನ್ರಿ ಸರ. ನನ್ನ ಮಗನಿಗೂ ನೀವು ಹೇಳಿದ್ದನ್ನ ಕಲಿಸೇನಿ" ಎಂದನು.