ಎಂಬತ್ತರ ಗೀರು

ಊರ ಮನೆ ಮಾರಿದಾಗ ಅಣ್ಣನಿಗೆ ಹಿತ್ತಾಳೆ ಹಂಡೆ ಹೋಯಿತು, ಅಕ್ಕನಿಗೆ ತೊಟ್ಟಿಲು. ನನ್ನ ಪಾಲಿಗೆ ಬಂದದ್ದು ಅಮ್ಮ ಮತ್ತು ಒಂದು ಕತ್ತಿ. ಅಮ್ಮನಿಗೆ ಎಂಬತ್ತು. ಕತ್ತಿಯ ವಯಸ್ಸು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಲಾರಿಯ ಮುರಿದ ಪಟ್ಟಿಯನ್ನು ಕುಲುಮೆಗೆ ಒಯ್ದು ಅಪ್ಪ ಮಾಡಿಸಿದ್ದು, ಆಗ ನಾನಿನ್ನೂ ಮೂಗು ಸುರಿಸಿಕೊಂಡು ಓಡಾಡುತ್ತಿದ್ದೆ ಎಂಬುದಷ್ಟೇ ದಾಖಲೆ. ಬಾಳೆಗೊನೆ, ಹಲಸಿನಕಾಯಿ, ಬೇಲಿಗೂಟ ಎಲ್ಲಕ್ಕೂ ಅದೇ ಆಗಬೇಕಿತ್ತು.

ಬೆಂಗಳೂರಿಗೆ ಬಂದ ಮೇಲೆ ಎರಡು ವರ್ಷ ಅದು ವಾಷಿಂಗ್ ಮೆಷಿನ್ನಿನ ಹಿಂದೆ ಗೋಣಿ ಸುತ್ತಿಕೊಂಡು ಮಲಗಿತ್ತು. ಈ ಶಿವರಾತ್ರಿಯ ಹೊತ್ತಿಗೆ ಬಿಚ್ಚಿ ನೋಡಿದರೆ ಮೈತುಂಬ ತುಕ್ಕು. ನಿವೃತ್ತನಾದವನಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೆ? ಯುಗಾದಿಯೊಳಗೆ ಇದರಲ್ಲಿ ಮುಖ ನೋಡಿಕೊಂಡು ಕ್ಷೌರ ಮಾಡಿಕೊಳ್ಳುವ ಹಾಗೆ ಮಾಡುತ್ತೇನೆ ಎಂದು ಮನೆಯವರೆಲ್ಲರ ಮುಂದೆ ಘೋಷಿಸಿಬಿಟ್ಟೆ.

ಮೊದಲು ಗ್ರೈಂಡರ್ ತರಿಸಿದೆ. ನಿಮಿಷಕ್ಕೆ 11,000 ಸುತ್ತು ತಿರುಗುವ ಯಂತ್ರ. ನನ್ನ ಕೈ ಅಷ್ಟು ವೇಗದ ಕೆಲಸವನ್ನು ಸರ್ವಿಸಿನ ಮೂವತ್ತೈದು ವರ್ಷಗಳಲ್ಲಿ ಒಟ್ಟಾರೆಯಾಗಿಯೂ ಮಾಡಿರಲಿಲ್ಲ. ಕಿಡಿ ಹಾರಿತು, ಮೇಲಿನ ಮನೆಯ ಹುಡುಗ ಬಾಲ್ಕನಿಯಿಂದ ಬಗ್ಗಿ, "ಅಂಕಲ್, ಮೀಟಿಂಗಲ್ಲಿದೀನಿ" ಎಂದ. ತುಕ್ಕೇನೋ ಹೋಯಿತು. ಆದರೆ ತುದಿಯ ಹತ್ತಿರ ಕಬ್ಬಿಣ ಮೊದಲು ಒಣಹುಲ್ಲಿನ ಬಣ್ಣಕ್ಕೆ, ನೋಡನೋಡುತ್ತಿದ್ದಂತೆ ನವಿಲಿನ ಕತ್ತಿನ ನೀಲಿಗೆ ತಿರುಗಿತು. ಎಷ್ಟು ಚೆಂದ ಎಂದುಕೊಂಡೆ. ಬೀದಿ ಕೊನೆಯ ಲೇತ್ ಅಂಗಡಿಯವರು ಕತ್ತಿ ನೋಡಿ, ಸತ್ತ ಮನೆಯಲ್ಲಿ ಮಾತಾಡುವ ದನಿಯಲ್ಲಿ, "ಸಾರ್, ಹದ ಹೋಗಿದೆ" ಎಂದರು. ಆ ನೀಲಿ ಬಂತೆಂದರೆ ಉಕ್ಕು 300 ಡಿಗ್ರಿಯ ಹತ್ತಿರ ಕಾದಿದೆ ಎಂದರ್ಥವಂತೆ. ಮತ್ತೆ ಮತ್ತೆ ನೀರಿಗೆ ಅದ್ದಬೇಕಿತ್ತು. ಕಮ್ಮಾರ ಕೂತು ಹಾಕಿದ ಹದವನ್ನು ನಾನು ಅರ್ಧ ನಿಮಿಷದಲ್ಲಿ ಇಳಿಸಿದ್ದೆ. ನೀಲಿಯಾದಷ್ಟು ತುದಿಯನ್ನು ಸವೆಸಿ ತೆಗೆದು, ಗ್ರೈಂಡರನ್ನು ಅದರ ಡಬ್ಬಿಗೇ ವಾಪಸು ಕಳಿಸಿದೆ.

ಇನ್ನು ಕಾಗದವೇ ಗತಿ. ನಮ್ಮೂರ ಆಚಾರಿಗಳು ಅದನ್ನು ಉಪ್ಪುಕಾಗದ ಎನ್ನುತ್ತಿದ್ದರು. ಚಿಕ್ಕವನಿದ್ದಾಗ ಒಮ್ಮೆ ನೆಕ್ಕಿ ನೋಡಿ, ಹೆಸರಿಟ್ಟವರ ಮೇಲೆ ನಂಬಿಕೆ ಕಳೆದುಕೊಂಡಿದ್ದೆ. ಈಗ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಬೇಕಾದದ್ದು ವಾಟರ್ ಪೇಪರ್. ಅದರ ಮೈಮೇಲಿನ ಕಪ್ಪು ಹರಳಿಗೂ ಒಂದು ಕತೆಯಿದೆ. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ಎಂಬಾತ ಜೇಡಿಮಣ್ಣು ಮತ್ತು ಕೋಕ್ ಪುಡಿಯನ್ನು ವಿದ್ಯುತ್ತಿನಿಂದ ಕಾಯಿಸಿ ವಜ್ರ ಮಾಡಲು ಹೊರಟಿದ್ದ. ವಜ್ರ ಬರಲಿಲ್ಲ, ಕಾರ್ಬೊರಂಡಮ್ ಬಂತು. ವಜ್ರಕ್ಕೆ ಕೈಹಾಕಿ ಉಪ್ಪುಕಾಗದ ಪಡೆದವನು ನನಗೆ ಒಡಹುಟ್ಟಿದವನಂತೆ ಕಂಡ.

80, 120, 220, 400, 600, 1000. ನಂಬರು ಏರಿದಷ್ಟೂ ಹರಳು ಸಣ್ಣ. ನಾನು ಜಾಣತನ ಮಾಡಿ, 80ರಲ್ಲಿ ನಾಲ್ಕು ಬಾರಿ ಉಜ್ಜಿ, ನಡುವಿನ ಎರಡು ಮೆಟ್ಟಿಲು ಹಾರಿ 400ಕ್ಕೆ ಬಂದೆ. ಟ್ಯೂಬ್‌ಲೈಟಿನ ಕೆಳಗೆ ಕತ್ತಿ ಬೆಳ್ಳಿಯಂತೆ ಕಂಡಿತು. ಮರುದಿನ ಬೆಳಗ್ಗೆ ಕಿಟಕಿಯ ಓರೆಬಿಸಿಲಿಗೆ ಹಿಡಿದರೆ, ಉತ್ತ ಗದ್ದೆ! ಒಂದು ಕಡೆ ಆಳ, ಒಂದು ಕಡೆ ತೆಳು, ನಡುವೆ ಎಲ್ಲಿಂದಲೋ ಬಂದ ಒಂಟಿ ಗೀರು. ಉಜ್ಜಿದಷ್ಟೂ ಗೀರಿನ ಸುತ್ತ ಹೊಳಪು ಹೆಚ್ಚಿ, ಗೀರೇ ಇನ್ನೂ ಎದ್ದು ಕಾಣತೊಡಗಿತು. ಕುಣಿಯಲಾರದವಳ ಹಾದಿ ಹಿಡಿದು ಕಾಗದವೇ ಡೊಂಕು ಎಂದೆ. ಬೇರೆ ಕಂಪನಿಯದು ತಂದೆ. ಗೀರು ಅಲ್ಲೇ ಇತ್ತು.

ಮತ್ತೆ ಲೇತ್ ಅಂಗಡಿಗೇ ಹೋದೆ. ಅವರು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ ನಕ್ಕರು. "ಸಾರ್, ಇದು 400ರ ಗೀರಲ್ಲ. 80ರದು. ನಿಮಗೆ ಈಗ ಕಾಣ್ತಾ ಇದೆ, ಅಷ್ಟೇ."

80ರ ಹರಳು ಮಿಲಿಮೀಟರಿನ ಐದನೇ ಒಂದು ಪಾಲಿನಷ್ಟು ದಪ್ಪ. 1000ದ್ದು ಅದರ ಹತ್ತರಲ್ಲೊಂದು ಪಾಲೂ ಇಲ್ಲ. ಅದು ತೋಡಿದ ಕಾಲುವೆಯನ್ನು ಇದರಿಂದ ಮುಚ್ಚಹೊರಡುವುದೆಂದರೆ ಕೆರೆಯ ಹೂಳನ್ನು ಚಮಚದಲ್ಲಿ ಎತ್ತಿದ ಹಾಗೆ. ಅವರು ಹೇಳಿಕೊಟ್ಟದ್ದು ಇಷ್ಟು: ಒಂದು ನಂಬರಿನಲ್ಲಿ ಉದ್ದಕ್ಕೆ ಉಜ್ಜಿದರೆ ಮುಂದಿನದರಲ್ಲಿ ಅಡ್ಡಕ್ಕೆ ಉಜ್ಜಿ, ಹಳೇ ಗೀರು ಒಂದು ಉಳಿದಿದ್ದರೂ ತಾನಾಗಿ ಸಿಕ್ಕಿಬೀಳುತ್ತದೆ, ಅದು ಹೋಗುವ ತನಕ ಮುಂದಕ್ಕೆ ಹೋಗಬೇಡಿ. ನಂಬರು ಬದಲಿಸುವಾಗ ಕತ್ತಿ, ಕೈ, ನೀರು ಮೂರೂ ಚೊಕ್ಕಟವಾಗಲಿ. ಆ ಒಂಟಿ ಗೀರು ಹಳೆಯ ಕಾಗದದಿಂದ ಉದುರಿದ ಒಂದೇ ಹರಳಿನ ಕೆಲಸ. ಬೆರಳಿನಿಂದ ಒತ್ತಬೇಡಿ, ಕಾಗದಕ್ಕೆ ಚಪ್ಪಟೆ ಮರದ ತುಂಡು ಕೊಡಿ. ಕೊನೆಯ ಸುತ್ತಿನಲ್ಲಿ ಹಿಂದಕ್ಕೂ ಮುಂದಕ್ಕೂ ಆಡಿಸಬೇಡಿ. ಒಂದೇ ದಿಕ್ಕಿಗೆ ಎಳೆದು, ಎತ್ತಿ, ಮತ್ತೆ ಮೊದಲಿಂದ ಎಳೆಯಿರಿ. ಈ ಕೊನೆಯದನ್ನು ಕೇಳಿದಾಗ ನನ್ನ ಕತ್ತಿಯ ಮೇಲೆಲ್ಲ ಅಕ್ಷರಗಳಿಗೆ ಕೊಟ್ಟ ಕೊಂಬಿನಂತೆ ಕೊಕ್ಕೆ ಕೊಕ್ಕೆ ಗೀರುಗಳು ಯಾಕಿದ್ದವು ಎಂದು ಗೊತ್ತಾಯಿತು. ಕೈ ಹಿಂತಿರುಗಿದ ಕಡೆಯೆಲ್ಲ ಒಂದು ಕೊಂಬು.

ಮತ್ತೆ 80ರಿಂದ ಶುರು. ಮೂರು ವಾರ ಹಿಡಿಯಿತು. ಎಲ್ಲ ಸರಿಹೋಯಿತು, ಒಂದು ಜಾಗ ಬಿಟ್ಟು. ಹಿಡಿಯಿಂದ ಗೇಣು ದೂರದಲ್ಲಿ, ಎರಡು ಬೆರಳಗಲದ ಮಬ್ಬು. ಎಷ್ಟು ತಿಕ್ಕಿದರೂ ಮರದ ತುಂಡು ಅದನ್ನು ಮುಟ್ಟಲೊಲ್ಲದು. ಮಾರ್ಕರ್ ಪೆನ್ನಿನಿಂದ ಅಲಗಿಗೆಲ್ಲ ಮಸಿ ಬಳಿದು ಒಂದು ಸಲ ಉಜ್ಜಿ ನೋಡಿದೆ. ಉಬ್ಬಿದ ಕಡೆಯ ಮಸಿ ಹೋಯಿತು. ಆ ಎರಡು ಬೆರಳಗಲದಲ್ಲಿ ಮಾತ್ರ ಉಳಿಯಿತು. ಅಲ್ಲಿ ಕಾಗದದ ದಪ್ಪದಷ್ಟು ತಗ್ಗು.

ಬಟಾಣಿ ಸುಲಿಯುತ್ತಿದ್ದ ಅಮ್ಮ ಕತ್ತಿಯನ್ನು ಮಗುಚಿ ನೋಡಿದಳು. "ಇದು ನಿನ್ನಪ್ಪನ ಕೆಲಸ ಮಾರಾಯ. ಬಾವಿಕಟ್ಟೆ ಕಲ್ಲಿಗೆ ಮಸೆಯೋವಾಗ ಎಡಗೈ ಎರಡು ಬೆರಳು ಇಲ್ಲೇ ಒತ್ತಿ ಹಿಡೀತಿದ್ರು. ಮೇಲೆ ಒತ್ತಿದ್ರೆ ಅಡಿ ಸವೀತದೆ, ಅಷ್ಟೇ."

ನಾನು ನನ್ನ ಎರಡು ಬೆರಳು ಅಲ್ಲಿಟ್ಟೆ. ಸರಿಯಾಗಿ ಕೂತವು. ಆ ತಗ್ಗು ತೆಗೆಯಬೇಕೆಂದರೆ ಇಡೀ ಅಲಗನ್ನು ಅದರ ಮಟ್ಟಕ್ಕೆ ಇಳಿಸಬೇಕು, ಅಂದರೆ ಮೂರನೆಯ ಬಾರಿ 80. ಬಿಟ್ಟುಬಿಟ್ಟೆ. ಸೋಮಾರಿತನದಿಂದ ಬಿಟ್ಟದ್ದು ಎಂದು ಹೆಂಡತಿ ಹೇಳುತ್ತಾಳೆ, ಅಪ್ಪನ ಮೇಲಿನ ಪ್ರೀತಿಯಿಂದ ಎಂದು ನಾನು. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಯುಗಾದಿಯ ಹಿಂದಿನ ದಿನ ಸಂತೆಯಿಂದ ಎಳೆ ಹಲಸಿನಕಾಯಿ ಬಂತು. ಹೊಳೆಯುವ ಕತ್ತಿಯನ್ನು ಹಾರ ಹಾಕುವವನಂತೆ ಎರಡೂ ಕೈಯಲ್ಲಿ ಅಮ್ಮನಿಗೆ ಒಪ್ಪಿಸಿದೆ. ಅವಳು ಅದರ ಬಾಯಿಗೆ ಹೆಬ್ಬೆರಳು ಆಡಿಸಿ, "ಹೊಳೀತದೆ. ಕೊಯ್ಯೋದಿಲ್ಲ" ಎಂದಳು. ಉಪ್ಪಿನಕಾಯಿ ಭರಣಿಯನ್ನು ಬೋರಲು ಹಾಕಿ, ಅದರ ತಳದ ಒರಟು ಅಂಚಿಗೆ ಕತ್ತಿಯನ್ನು ಹತ್ತು ಸಲ ಎಳೆದಳು. ಎಡಗೈಯ ಎರಡು ಬೆರಳು ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋದವು. ನನ್ನ 1000 ನಂಬರಿನ ಕನ್ನಡಿಯ ಮೇಲೆ ಬಾಯುದ್ದಕ್ಕೂ ಹೊಸ ಗೀರುಗಳು ಬಿದ್ದವು. ಬಿಸಿಲಿಗೆ ಹಿಡಿದು ನೋಡಿದೆ. ಎಲ್ಲವೂ ಒಂದೇ ಓರೆ, ಒಂದೇ ಆಳ, ಒಂದಕ್ಕೂ ಕೊಂಬಿಲ್ಲ.

ಅಲಗಿಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಅಮ್ಮ ಹಲಸಿನಕಾಯಿ ಹೆಚ್ಚಿದಳು. ಪಲ್ಯ ಚೆನ್ನಾಗಿತ್ತು. ಮೇಣ ತೆಗೆಯುವ ಕೆಲಸ ನನಗೆ ಬಂತು. ಅರ್ಧ ಗಂಟೆ ಹಿಡಿಯಿತು.